ಗೌರಿ ತಿಂದ ಬೈಹುಲ್ಲು

ಕಳೆದ ಜುಲೈಯಲ್ಲಿ ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ನಾನು ಕೂತಿದ್ದ ರಿಕ್ಷಾ ಬೈಹುಲ್ಲಿನ ಲಾರಿಯೊಂದರ ಹಿಂದೆ ಸಿಕ್ಕಿಬಿತ್ತು. ಲಾರಿಯ ಟಾರ್ಪಾಲು ಹರಿದು ಹುಲ್ಲೆಲ್ಲ ನೆನೆದಿತ್ತು. ಅದರಿಂದ ಇಳಿದ ಕಂದು ನೀರು ಡಾಮರಿನ ಮೇಲೆ ಹರಿಯುತ್ತಿತ್ತು. "ಎಂತ ವಾಸನೆ ಮಾರಾಯ್ರೆ ಇದು," ಎಂದು ರಿಕ್ಷಾದವರು ಮೂಗಿಗೆ ಟವೆಲು ಹಿಡಿದರು. ನಾನು ಹಿಡಿಯಲಿಲ್ಲ. ನೆನೆದ ಬೈಹುಲ್ಲಿನ ವಾಸನೆ ಬಂದರೆ ಸಾಕು, ಅಲ್ಲಿಲ್ಲದ ಅಮೋನಿಯಾವನ್ನು ನನ್ನ ಮೂಗು ತಾನೇ ಸೇರಿಸಿಕೊಳ್ಳುತ್ತದೆ. ಲಾರಿ ಜರುಗುವವರೆಗೆ ನಾನು ಎಂಬತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದಲ್ಲಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ಬರುವುದು ಕಣ್ಣೀರಲ್ಲ, ಸಿಟ್ಟು.

ನಮ್ಮ ಮನೆ ಕೊಡಿಯಾಲ್‌ಬೈಲಿನ ಇಳಿಜಾರಿನ ಕೆಳಗೆ, ಮೇಲಿನ ದೊಡ್ಡ ಕಾಂಪೌಂಡುಗಳ ನೀರೆಲ್ಲ ಬಂದು ಸೇರುವ ಜಾಗದಲ್ಲಿತ್ತು. ಪಪ್ಪ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅಲ್ಲಿ ಉಳಿದದ್ದು ಮಾಯ್, ನಾನು ಮತ್ತು ಗೌರಿ. ಅಮ್ಮನನ್ನು ನಾವು ಕೊಂಕಣಿ ಕ್ರೈಸ್ತರು ಮಾಯ್ ಎನ್ನುತ್ತೇವೆ. ಗೌರಿ ನಮ್ಮ ದನ. ಹಿಂದೂಗಳ ಮನೆಯಿಂದ ಕೊಂಡು ತಂದದ್ದು. ಹೆಸರು ಬದಲಿಸಿದರೆ ಹಾಲು ಇಳಿಸಲಿಕ್ಕಿಲ್ಲವೆಂದು ಮಾಯ್ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದಳು. ಸಂಜೆ ಜಪಮಾಲೆ ಮುಗಿಸಿದ ಬಾಯಲ್ಲೇ 'ಗೌರೀ' ಎಂದು ಕೂಗುವ ಮನೆ ನಮ್ಮ ವಾರ್ಡಿನಲ್ಲಿ ಇನ್ನೊಂದಿರಲಿಲ್ಲ. ಅದರ ಹಾಲೇ ನಮ್ಮ ಅಕ್ಕಿ, ನಮ್ಮ ಮೀನು, ನನ್ನ ಕಾಲೇಜಿನ ಫೀಸು.

ಮಾಯ್‌ಗೆ ದನದ ಮೇಲೆ ಎಷ್ಟು ಪ್ರೀತಿಯಿತ್ತೋ ಗೊತ್ತಿಲ್ಲ, ಸೆಗಣಿಯ ಮೇಲೆ ದ್ವೇಷವಂತೂ ಇತ್ತು. "ನೀನು ಬಿಳಿ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದ ದಿನ ನಾನು ಈ ಹಗ್ಗ ಕೈಯಿಂದ ಬಿಡ್ತೇನೆ, ಬಾಯೆ," ಎನ್ನುತ್ತಿದ್ದಳು. ಬಾಯೆ ಎಂದರೆ ನಮ್ಮಲ್ಲಿ ಮಗಳೇ ಎಂದ ಹಾಗೆ. ಅವಳು ಪ್ರೀತಿಯಿಂದ ಹೇಳುವಾಗಲೂ ಅದೇ ಪದ, ಹೊಡೆಯುವ ಮೊದಲೂ ಅದೇ ಪದ.

ಆ ವರ್ಷ ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ನಮಗೆ ಕಲಿಸಿದ ರೈ ಸರ್ ಅವರಿಗೆ ಒಂದು ಸಣ್ಣ ಸಂಶೋಧನಾ ಯೋಜನೆ ಸಿಕ್ಕಿತ್ತು. ಬೈಹುಲ್ಲಿನ ಜೀವಕೋಶದ ಗೋಡೆ ಹೇಗೆ ಕಟ್ಟಿಕೊಂಡಿದೆ, ಅದನ್ನು ದನಕ್ಕೆ ಅರಗುವಂತೆ ಹೇಗೆ ಬಿಡಿಸುವುದು ಎಂಬುದು ವಿಷಯ. ಅದರಲ್ಲಿ ಸಹಾಯಕಿಯ ಒಂದೇ ಒಂದು ಹುದ್ದೆಯಿತ್ತು. "ಐರಿನ್, ಮಳೆಗಾಲ ಮುಗಿಯುವವರೆಗೆ ಬಾ," ಎಂದಿದ್ದರು ಸರ್. "ನಿನ್ನ ಕೈ ಹೇಗೆ ಉಂಟು ನೋಡುವ. ಮತ್ತೆ ಆರ್ಡರಿಗೆ ಸಹಿ ಹಾಕುವ." ಸಂಬಳದ ಮಾತು ಅವರು ಎತ್ತಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಮಾಯ್ ಆ ರಾತ್ರಿ ಪಪ್ಪನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದಳು.

ರೈ ಸರ್ ಊರಿನಲ್ಲಿ ಗದ್ದೆಗಳಿದ್ದ ದೊಡ್ಡ ಮನೆತನದವರು. ಇಸ್ತ್ರಿಯ ಮಡಿಕೆ ಮುರಿಯದ ಬಿಳಿ ಅಂಗಿ, ಮೆಲುದನಿ. ಯಾರನ್ನೂ ಬೈಯುತ್ತಿರಲಿಲ್ಲ, ನಗುತ್ತಲೇ ಚುಚ್ಚುವವರು. ನಾನು ಬೆಳಿಗ್ಗೆ ಹಾಲು ಕರೆದು, ಮನೆಮನೆಗೆ ಕೊಟ್ಟು, ಒಂದು ಚೆಂಬು ನೀರಲ್ಲಿ ಕೈಕಾಲು ತೊಳೆದು ಓಡುತ್ತಿದ್ದೆ. ಒಳಗೆ ಕಾಲಿಟ್ಟರೆ ಅವರು ಗಾಳಿಯಲ್ಲಿ ಮೂಗಾಡಿಸಿ, "ಎಂತ ಮಾರಾಯ್ತಿ, ಇವತ್ತು ಹಟ್ಟಿಯನ್ನೇ ಲ್ಯಾಬಿಗೆ ತಂದಿದ್ದೀಯಾ?" ಎನ್ನುತ್ತಿದ್ದರು. ದನದ ಕೊಟ್ಟಿಗೆಗೆ ನಮ್ಮಲ್ಲಿ ಹಟ್ಟಿ ಎನ್ನುವುದು. ಲ್ಯಾಬಿಗೆ ಬರುತ್ತಿದ್ದ ಕಾಲೇಜಿನ ಹುಡುಗರು ನಗುತ್ತಿದ್ದರು. ಹುದ್ದೆಯ ಆಸೆಗೆ ನಾನೂ ಹಲ್ಲು ಬಿಡುತ್ತಿದ್ದೆ.

ಜೂನ್ ಇಡೀ ನಾನು ಮಾಡಿದ್ದು ತೊಳೆಯುವ ಕೆಲಸ. ಬೈಹುಲ್ಲನ್ನು ಹಿಟ್ಟಿನ ಹಾಗೆ ಪುಡಿಮಾಡಿ, ಡಯಾಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ಕರಗಿ ಬಂದ ಲಿಗ್ನಿನ್ನನ್ನು ಬೇರೆ ಮಾಡಬೇಕು. ಲಿಗ್ನಿನ್ ಎಂದರೆ ಹುಲ್ಲಿಗೆ, ಮರಕ್ಕೆ ಗಟ್ಟಿತನ ಕೊಡುವ ವಸ್ತು. ಅದು ಶುದ್ಧವಾಯಿತೋ ಎಂದು ನೋಡಲು ಒಂದು ಚಿಟಿಕೆಯನ್ನು ಕೊಳವೆಗೆ ಹಾಕಿ, ಆಲ್ಫಾ ನ್ಯಾಫ್ತಾಲ್ ಬೆರೆಸಿ, ಬದಿಯಿಂದ ಮೆಲ್ಲಗೆ ಸಲ್ಫ್ಯೂರಿಕ್ ಆಮ್ಲ ಇಳಿಸಬೇಕು. ಸಕ್ಕರೆ ಉಳಿದಿದ್ದರೆ ನೇರಳೆ ಬಣ್ಣದ ಉಂಗುರ ಕಟ್ಟುತ್ತದೆ. ನನ್ನ ಕೊಳವೆಯಲ್ಲಿ ಪ್ರತಿಸಲವೂ ಉಂಗುರ ಕಟ್ಟಿತು.

"ಹಟ್ಟಿ ತೊಳೆದ ಹಾಗೆ ತೊಳೆದರೆ ಸಕ್ಕರೆ ಹೋಗ್ತದಾ?" ಎಂದು ಸರ್ ನನ್ನ ನಾಲ್ಕು ದಿನದ ಕೆಲಸವನ್ನು ಸಿಂಕಿಗೆ ಸುರಿದರು. ನಾನು ಮತ್ತೆ ಪುಡಿಮಾಡಿದೆ, ಮತ್ತೆ ನೆನೆಸಿದೆ, ಮತ್ತೆ ತೊಳೆದೆ. ಮತ್ತೆ ಉಂಗುರ. ಹೊರಗೆ ಕಿಟಕಿಯ ಗಾಜಿಗೆ ಮಳೆ ಬಡಿಯುತ್ತಿತ್ತು. ದ್ರಾವಕದ ಆವಿಗೆ ನನಗೆ ತಲೆನೋವು ಹತ್ತಿಕೊಂಡಿತು, ಬೆರಳಿನ ಚರ್ಮ ಸುಲಿಯಿತು. ಆ ಕೈಯಲ್ಲಿ ಕೆಚ್ಚಲು ಹಿಡಿದರೆ ಗೌರಿ ಸಹ ಕಾಲು ಝಾಡಿಸುತ್ತಿತ್ತು.

ತಿಂಗಳ ಕೊನೆಗೆ ಸರ್ ನನ್ನ ಬೆಂಚಿನ ಬಳಿ ಬಂದು ಕೊಳವೆಯನ್ನು ಬೆಳಕಿಗೆ ಹಿಡಿದರು. "ಸಾಕು ಮಾರಾಯ್ತಿ. ನಿನ್ನ ಮೊಮ್ಮಕ್ಕಳು ತೊಳೆದರೂ ಈ ಉಂಗುರ ಹೋಗುವುದಿಲ್ಲ. ಬರೀ ಬೆರಕೆಯಾಗಿದ್ದರೆ ಹೋಗ್ತಿತ್ತು. ಇದು ಬಾಂಡ್. ಲಿಗ್ನಿನ್ ಮತ್ತೆ ಸಕ್ಕರೆ ಒಂದಕ್ಕೊಂದು ಕಟ್ಟಿಕೊಂಡೇ ಉಂಟು."

"ಸರ್, ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ನೀನು ಎಲ್ಲಿಯವರೆಗೆ ತೊಳೀತಿ ಅಂತ ನೋಡಬೇಕಿತ್ತು ನನಗೆ."

ಹುಡುಗರು ನಕ್ಕರು. ಸರ್ ಆಮೇಲೆ ಬೋರ್ಡಿನ ಮುಂದೆ ನಿಂತು, ಇನ್ನಾರೂ ಹೇಳಲಾರದಷ್ಟು ಚೆನ್ನಾಗಿ ಪಾಠ ಮಾಡಿದರು. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಬೈಹುಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ, ಆದರೆ ಸೆಲ್ಯುಲೋಸ್, ಝೈಲಾನ್ ಎಂದು ಉದ್ದುದ್ದ ಸರಪಳಿಯಾಗಿ ನಿಂತ ಸಕ್ಕರೆ. ಝೈಲಾನಿನ ಸರಪಳಿಗೆ ಅಲ್ಲಲ್ಲಿ ಸಣ್ಣ ಕವಲುಗಳು. ಆ ಕವಲಿನ ತುದಿಯಲ್ಲಿ ಫೆರುಲಿಕ್ ಆಮ್ಲ ಎಂಬ ಚಿಕ್ಕ ಕೊಂಡಿ ಕೂತಿರುತ್ತದೆ. ಅದರ ಒಂದು ಕೈ ಸಕ್ಕರೆಯನ್ನು ಹಿಡಿದಿದೆ, ಇನ್ನೊಂದು ಕೈ ಲಿಗ್ನಿನ್ನನ್ನು. ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಕ್ಕರೆಯ ಸರಪಳಿ ಕಡಿಯಲು ಬರುತ್ತದೆ, ಲಿಗ್ನಿನ್ ಕಡಿಯಲು ಬರುವುದಿಲ್ಲ. ಹಾಗಾಗಿ ಊಟ ಎದುರಿಗಿದ್ದೂ ಅವು ಹೊರಗೇ ನಿಲ್ಲುತ್ತವೆ, ದನ ಹೊಟ್ಟೆ ತುಂಬ ತಿಂದು ಬಡವಾಗುತ್ತದೆ.

"ಹಂಪನಕಟ್ಟೆಯಲ್ಲಿ ದನಗಳು ಸಿನಿಮಾ ಪೋಸ್ಟರ್ ತಿನ್ನುವುದು ನೋಡಿದ್ದೀರಲ್ಲ?" ಎಂದು ಕೇಳಿದರು ಸರ್. "ಬಿಳಿ ಕಾಗದ ಮಾಡುವವರು ಲಿಗ್ನಿನ್ ಮೊದಲೇ ತೆಗೆದುಬಿಡ್ತಾರೆ. ಆ ದನಗಳಿಗೆ ಕೆಮಿಸ್ಟ್ರಿ ಗೊತ್ತುಂಟು. ನಮ್ಮ ಐರಿನ್‌ಗೆ ಈಗ ಗೊತ್ತಾಯಿತು." ಕ್ಷಾರ ಸೋಕಿದರೆ ಫೆರುಲಿಕ್ ಆಮ್ಲ ಸಕ್ಕರೆ ಹಿಡಿದ ಕೈಯನ್ನು ಬಿಡುತ್ತದೆ. ಯೂರಿಯಾ ಹಾಕಿ ಹುಲ್ಲನ್ನು ಮುಚ್ಚಿಟ್ಟರೆ ಅಮೋನಿಯಾ ಹುಟ್ಟುತ್ತದೆ, ಅಮೋನಿಯಾ ಕ್ಷಾರ. ಇಷ್ಟೇ ಅವರ ಯೋಜನೆಯ ತಿರುಳು. ಇನ್ನು ಬೇಕಾದದ್ದು ಒಂದು ಜೀವಂತ ದನ. "ನಿಮ್ಮಲ್ಲಿ ಉಂಟಲ್ಲ?" ಎಂದರು.

ನಾನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ, ಮಾಯ್ ಅಂತೂ ಇರಲೇ ಇಲ್ಲ. ಆ ಮಳೆಗಾಲ ಎಡೆಬಿಡದ ಮಳೆಗೆ ಮೇಯಲು ಬಿಡಲಾಗದೆ, ಹಿಂಡಿಯ ಬೆಲೆ ಏರಿ, ಗೌರಿಯ ಪಕ್ಕೆಲುಬು ಕಾಣುತ್ತಿತ್ತು. ಸರ್ ತಮ್ಮ ಊರಿನ ಮನೆಯಿಂದ ಒಂದು ಟೆಂಪೋ ಬೈಹುಲ್ಲು ಪುಕ್ಕಟೆ ತರಿಸಿದರು. ಅವರ ಮನೆಯ ದನಗಳು ಮುಟ್ಟದ ಹಳೆಯ ಹುಲ್ಲು ಅದು. ಕೆಳಗಿನ ಕಟ್ಟುಗಳು ಕಪ್ಪಾಗಿದ್ದವು. ನಮ್ಮ ಬಟ್ಟೆ ಒಗೆಯುವ ಸಿಮೆಂಟು ತೊಟ್ಟಿಯಲ್ಲಿ ಅದನ್ನು ಪದರಪದರವಾಗಿ ಹಾಸಿ, ಯೂರಿಯಾ ಕರಗಿಸಿದ ನೀರನ್ನು ಚಿಮುಕಿಸಿ, ಕಾಲಲ್ಲಿ ತುಳಿದು ಪ್ಲಾಸ್ಟಿಕ್ ಹೊದಿಸಿದೆವು. ಮಾಯ್ ಸೀರೆ ಎತ್ತಿಕಟ್ಟಿ ತುಳಿದಳು. ಸರ್ ಮೆಟ್ಟಿಲಲ್ಲಿ ಕೂತು ಚಾ ಕುಡಿಯುತ್ತಾ ಹೇಳಿಕೊಟ್ಟರು.

"ಬಾಯಮ್ಮ, ನೋಡಿ, ಆ ನೀರು ಒಂದು ಹನಿ ಸಹ ಹಾಳು ಮಾಡಬೇಡಿ. ಅದರಲ್ಲೇ ಸತ್ವ ಇರುವುದು."

"ಆಯಿತು ಸರ್," ಎಂದಳು ಮಾಯ್. ನಮ್ಮ ಕ್ರೈಸ್ತ ಹೆಂಗಸರನ್ನೆಲ್ಲ ಊರಿನವರು ಬಾಯಮ್ಮ ಎಂದೇ ಕರೆಯುವುದು. ಸರ್ ಹೇಳಿದ್ದನ್ನು ಅವಳು ಪಾದ್ರಿಗಳ ಪ್ರಸಂಗದಂತೆ ಕೇಳುತ್ತಿದ್ದಳು.

ಮೂರು ವಾರದ ನಂತರ ಪ್ಲಾಸ್ಟಿಕ್ ಎತ್ತಿದಾಗ ಕಣ್ಣು ಉರಿಯುವಷ್ಟು ಅಮೋನಿಯಾ. ಹುಲ್ಲು ಹಳದಿಯಾಗಿ, ಮೆತ್ತಗಾಗಿ, ಕೈಯಲ್ಲಿ ಹಿಡಿದರೆ ಬಾಗುತ್ತಿತ್ತು. ಗಾಳಿಗೆ ಹರವಿ, ವಾಸನೆ ಹೋದ ಮೇಲೆ ಹಾಕಿದೆವು. ಗೌರಿ ಮೊದಲ ದಿನ ಮುಖ ತಿರುಗಿಸಿತು, ಎರಡನೆಯ ದಿನ ಮೂಸಿತು, ಆಮೇಲೆ ನಾವು ಬರುವ ಸದ್ದಿಗೇ ಎದ್ದು ನಿಲ್ಲತೊಡಗಿತು. ಆಗಸ್ಟ್ ನಡುವಿಗೆ ಬರುವಷ್ಟರಲ್ಲಿ ಅದರ ಮೈ ತುಂಬಿಕೊಂಡಿತು, ಹಾಲು ಹೆಚ್ಚಾಯಿತು. ಮಾಯ್ ಮೇಲಿನ ಬೀದಿಯಲ್ಲಿ ಹೊಸದಾಗಿ ಒಂದು ಮನೆಗೆ ಹಾಲು ಹಿಡಿದಳು. ಸರ್ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು, ಗೌರಿಯ ಬೆನ್ನು ತಟ್ಟಿ, "ನಿಮ್ಮ ಮಗಳಿಗಿಂತ ಇದು ಬೇಗ ಕಲಿಯಿತು ಬಾಯಮ್ಮ," ಎಂದರೆ ಮಾಯ್ ಸಂತೋಷದಿಂದ ಕೆಂಪಾಗುತ್ತಿದ್ದಳು. ನಮ್ಮ ಮನೆಯಲ್ಲಿ ಆ ಕೆಲವು ವಾರ ಜಗಳವಿರಲಿಲ್ಲ.

ಆಗಸ್ಟಿನ ಕೊನೆಯ ಒಂದು ಬೆಳಿಗ್ಗೆ ತೊಟ್ಟಿಯ ತಳ ಕಂಡಿತು. ಗಾಳಿಮಳೆಗೆ ಪ್ಲಾಸ್ಟಿಕ್ಕಿನ ಅಂಚು ಎದ್ದು ನೀರು ಒಳಗೆ ಇಳಿದಿತ್ತು. ಹುಲ್ಲಿಗೆ ಹಿಡಿಯದ ಯೂರಿಯಾವೆಲ್ಲ ಅದರಲ್ಲಿ ಕರಗಿ, ಹಾಲು ಹಾಕದ ಚಾದ ಬಣ್ಣದಲ್ಲಿ ತಳಕ್ಕೆ ನಿಂತಿತ್ತು. ನಮ್ಮ ಕಡೆ ದನ ಕಟ್ಟಿದ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು, ಗಂಜಿಯ ತಿಳಿಯನ್ನು ಯಾರೂ ಚೆಲ್ಲುವುದಿಲ್ಲ. ಅಡಿಗೆಮನೆಯ ಹಿಂದೆ ಅಕ್ಕಚ್ಚಿನ ಬಾಲ್ದಿ ಇರುತ್ತದೆ, ಸತ್ವವಿದ್ದ ನೀರೆಲ್ಲ ಅದಕ್ಕೆ, ಅಲ್ಲಿಂದ ದನಕ್ಕೆ. ಮಾಯ್ ಮದುವೆಯಾಗಿ ಬಂದ ದಿನದಿಂದ ಮಾಡಿದ್ದು ಅದನ್ನೇ. ಒಂದು ಹನಿ ಹಾಳು ಮಾಡಬಾರದೆಂದು ಸರ್ ಬೇರೆ ಹೇಳಿದ್ದರು. ಅವಳು ತೊಟ್ಟಿಯ ನೀರನ್ನು ಬಾಲ್ದಿಗೆ ಬಸಿದು, ವಾಸನೆ ಮುರಿಯಲು ತೌಡು, ಉಪ್ಪು, ಒಂದು ತುಂಡು ಬೆಲ್ಲ ಹಾಕಿ ಕಲಸಿ ಗೌರಿಯ ಮುಂದಿಟ್ಟಳು. ಬೆಲ್ಲದ ಆಸೆಗೆ ಅದು ಬಾಲ್ದಿಯ ತಳ ನೆಕ್ಕುವವರೆಗೆ ಕುಡಿಯಿತು.

ನಾನು ಹಾಲು ಕೊಟ್ಟು ಬರುವಷ್ಟರಲ್ಲಿ ಗೌರಿ ನಡುಗುತ್ತಿತ್ತು. ಕಿವಿ, ತುಟಿ, ಭುಜದ ಚರ್ಮ ಎಲ್ಲ ತಾವೇ ತಾವಾಗಿ ಅದುರುತ್ತಿದ್ದವು. ಬಾಯಿಂದ ನೊರೆ ಇಳಿಯುತ್ತಿತ್ತು. ಎಡಹೊಟ್ಟೆ ಬಿಗಿದು ಮೇಲೆದ್ದಿತ್ತು. ನಾನು ಇಳಿಜಾರು ಹತ್ತಿ ಕಾಲೇಜಿಗೆ ಓಡಿದೆ. ಸರ್ ಕೂಡಲೇ ಹೊರಟರು, ಅದನ್ನು ಹೇಳಲೇಬೇಕು. ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ನಾವು ತಲುಪುವಾಗ ಗೌರಿ ಮೊಣಕಾಲೂರಿತ್ತು. ಅದು ಕೂಗುತ್ತಿದ್ದ ರೀತಿಗೆ ಬದಿಯಲ್ಲಿ ಕಟ್ಟಿದ್ದ ಅದರ ಕರು ಹಗ್ಗ ಎಳೆದು ಎಳೆದು ಕುತ್ತಿಗೆಯಲ್ಲಿ ಗಾಯ ಮಾಡಿಕೊಂಡಿತ್ತು.

"ಎಂತ ಕೊಟ್ಟಿರಿ?" ಎಂದು ಸರ್ ಕೇಳಿದರು. ಮಾಯ್ ಬಾಲ್ದಿ ತೋರಿಸಿದಳು, ತೊಟ್ಟಿ ತೋರಿಸಿದಳು. ಸರ್ ಬಾಲ್ದಿಯನ್ನು ಮೂಸಿ ಕೆಳಗಿಟ್ಟರು. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೈಗಡಿಯಾರ ನೋಡಿದರು.

"ಸರ್, ಏನಾದರೂ ಮಾಡಿ," ಎಂದೆ.

"ಕುಡಿದು ಎಷ್ಟು ಹೊತ್ತಾಯಿತು? ನಡುಕ ಯಾವಾಗ ಶುರುವಾದದ್ದು? ನೆನಪಿಟ್ಟುಕೋ, ಮತ್ತೆ ಬೇಕಾಗ್ತದೆ."

ಸ್ವಲ್ಪ ಹೊತ್ತಿನಲ್ಲಿ ಅದು ಅಡ್ಡ ಬಿದ್ದು ನಾಲ್ಕು ಕಾಲು ಚಾಚಿ ಸತ್ತಿತು. ಮಾಯ್ ಅಳಲಿಲ್ಲ. ಗೌರಿಯ ಬಾಯಿಯ ನೊರೆಯನ್ನು ತನ್ನ ಸೆರಗಿನಿಂದ ಒರೆಸುತ್ತಾ ಕೂತಿದ್ದಳು. ನೆರೆಯವರು ಗೋಡೆಯ ಮೇಲಿಂದ ಇಣುಕುತ್ತಿದ್ದರು.

"ನೀರು ಕೊಡಬೇಡಿ ಅಂತ ಹೇಳಿದ್ದೆನಲ್ಲ ನಾನು?" ಎಂದರು ಸರ್, ನೆರೆಯವರಿಗೂ ಕೇಳುವ ಹಾಗೆ.

"ಇಲ್ಲ ಸರ್, ನೀವು ಹೇಳಿದ್ದು ಒಂದು ಹನಿ..." ಎಂದು ನಾನು ಬಾಯಿ ತೆರೆದೆ. ಮಾಯ್ ಎದ್ದವಳೇ, "ಬಾಯೆ!" ಎಂದು ನನ್ನ ಕೆನ್ನೆಗೆ ಹೊಡೆದಳು. ಇಪ್ಪತ್ತು ದಾಟಿದ ಮಗಳಿಗೆ, ಎಲ್ಲರ ಮುಂದೆ, ಗೌರಿಯ ನೊರೆ ಹತ್ತಿದ ಕೈಯಿಂದ. ಆಮೇಲೆ ಸರ್ ಕಡೆ ತಿರುಗಿ ತನ್ನ ತಡವರಿಸುವ ಕನ್ನಡದಲ್ಲಿ, "ತಪ್ಪು ನನ್ನದೇ ಸರ್. ಹುಡುಗಿಗೆ ಏನೂ ಗೊತ್ತಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಡಿ," ಎಂದಳು. ಆರ್ಡರಿಗೆ ಇನ್ನೂ ಸಹಿ ಬಿದ್ದಿರಲಿಲ್ಲವೆಂಬುದನ್ನು ಆ ಹೊತ್ತಿನಲ್ಲೂ ಮರೆಯದವಳು ಅವಳೊಬ್ಬಳೇ.

ಸರ್ ಸಮಾಧಾನದಿಂದ ತಲೆಯಾಡಿಸಿದರು. ಸತ್ತ ದನ ಸಾಗಿಸುವವರು ಗಾಡಿ ತಂದಾಗ ಅವರ ಕೈಗೆ ಒಂದಷ್ಟು ಕೊಟ್ಟು, ಅಲ್ಲೇ ಹಿತ್ತಿಲಿನಲ್ಲಿ ಹೊಟ್ಟೆ ಸೀಳಿಸಿದರು. "ಇಂಥ ಸ್ಯಾಂಪಲ್ ಮತ್ತೆ ಸಿಗ್ಲಿಕ್ಕಿಲ್ಲ. ಕೈ ಹಾಕು ಐರಿನ್, ಒಳಗಿನ ಹುಲ್ಲು ತೆಗೆ." ನಾನು ಮೊಣಕೈಯವರೆಗೆ ಕೈ ಹಾಕಿದೆ. ಒಳಗೆ ಇನ್ನೂ ಬಿಸಿಯಿತ್ತು. ಹಿಡಿಹಿಡಿಯಾಗಿ ತೆಗೆದುಕೊಟ್ಟ ಹುಲ್ಲನ್ನು ಸರ್ ಫಾರ್ಮಾಲಿನ್ ಬಾಟಲಿಗೆ ತುಂಬಿದರು. ಮಳೆ ಜೋರಾಯಿತು. ಮಾಯ್ ಒಳಗೆ ಹೋಗಿ ಪಪ್ಪನ ದೊಡ್ಡ ಕೊಡೆ ತಂದು ಸರ್ ಅವರ ತಲೆಯ ಮೇಲೆ ಹಿಡಿದಳು. ಬಾಟಲಿಯ ಮುಚ್ಚಳ ಬಿಗಿಯುವವರೆಗೂ ಹಿಡಿದೇ ಇದ್ದಳು, ತಾನು ನೆನೆಯುತ್ತಾ.

ಕರುವನ್ನು ಮರುದಿನ ಸಿಕ್ಕಿದ್ದಕ್ಕೆ ಮಾರಿದೆವು. ಹಾಲಿನ ಮನೆಗಳು ಒಂದೇ ವಾರದಲ್ಲಿ ಬೇರೆಯವರನ್ನು ಹಿಡಿದುಕೊಂಡವು.

ಲ್ಯಾಬಿನಲ್ಲಿ ಆ ಹುಲ್ಲನ್ನು ತೆಳ್ಳಗೆ ಕೊಯ್ದು, ಲಿಗ್ನಿನ್ ಕೆಂಪಾಗುವ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟವಳೂ ನಾನೇ. ಯೂರಿಯಾ ಸೋಕದ ಹುಲ್ಲಿನಲ್ಲಿ ಗೋಡೆಗಳು ದಪ್ಪಗೆ, ಅಖಂಡವಾಗಿ ಇರುತ್ತಿದ್ದವು. ಗೌರಿಯ ಹೊಟ್ಟೆಯ ಹುಲ್ಲಿನಲ್ಲಿ ಹಾಗಿರಲಿಲ್ಲ. ಕೊಂಡಿ ಕೈಬಿಟ್ಟಲ್ಲೆಲ್ಲ ಸೂಕ್ಷ್ಮಜೀವಿಗಳು ಒಳನುಗ್ಗಿ ಸಕ್ಕರೆಯನ್ನೆಲ್ಲ ತಿಂದು, ತೆಳುವಾದ ಕೆಂಪು ಗೆರೆಗಳನ್ನಷ್ಟೇ ಉಳಿಸಿದ್ದವು. ಅಷ್ಟು ಅಂದವಾದ ಸ್ಲೈಡನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ. ಸರ್ ಕಣ್ಣು ಕೀಳದೆ ನೋಡಿದರು. "ಎಂಥಾ ಚಂದ ಬಂದಿದೆ ಮಾರಾಯ್ತಿ," ಎಂದರು. ಆ ಲ್ಯಾಬಿನಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಸೆಪ್ಟೆಂಬರಿನಲ್ಲಿ ಹಂಪನಕಟ್ಟೆಯ ಲಾಡ್ಜೊಂದರ ಮೇಲಿನ ಸಭಾಂಗಣದಲ್ಲಿ ದನ ಸಾಕುವವರಿಗಾಗಿ ಸರ್ ಅವರ ಭಾಷಣ ಏರ್ಪಾಡಾಯಿತು. ಸ್ಲೈಡ್ ಪ್ರೊಜೆಕ್ಟರ್ ನಡೆಸುವುದು ನನ್ನ ಕೆಲಸ. "ಸೋಮವಾರ ನಿನ್ನ ಆರ್ಡರಿಗೆ ಸಹಿ ಹಾಕುವ," ಎಂದು ಸರ್ ಹಿಂದಿನ ದಿನವೇ ಹೇಳಿದ್ದರು. "ತಾಯಿಯನ್ನೂ ಕರಕೊಂಡು ಬಾ. ಊಟ ಉಂಟು." ಮಾಯ್ ಹಬ್ಬಕ್ಕೆ ಉಡುವ ನೀಲಿ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಳು. ಸುತ್ತ ಹಾಲಿನ ವ್ಯಾಪಾರದವರು. ನಮ್ಮ ಕ್ರೈಸ್ತ ಹೆಂಗಸರೂ ಏಳೆಂಟು ಮಂದಿ ಇದ್ದರು.

ಸರ್ ಸೊಗಸಾಗಿ ಮಾತಾಡಿದರು. ಸಕ್ಕರೆಯ ಸರಪಳಿ, ಲಿಗ್ನಿನ್, ನಡುವಿನ ಕೊಂಡಿ, ಎಲ್ಲವೂ ಎಮ್ಮೆ ಕಟ್ಟುವವರಿಗೂ ತಿಳಿಯುವ ಹಾಗೆ. ನಾನು ಒಂದೊಂದೇ ಸ್ಲೈಡ್ ತಳ್ಳಿದೆ. ಗೌರಿಯ ಹುಲ್ಲು ಪರದೆಯ ತುಂಬ ಕೆಂಪಾಗಿ ಹರಡಿದಾಗ ಸರ್ ನಿಲ್ಲಿಸಿದರು.

"ಈ ಸ್ಲೈಡಿಗೆ ಒಂದು ಕಥೆ ಉಂಟು. ನಮ್ಮ ಊರಿನದ್ದೇ ಒಬ್ಬಳು ಬಾಯಮ್ಮ. ಹುಲ್ಲು ಕೊಡು ಅಂತ ನಾನು ಹೇಳಿದರೆ ಅವಳು ತೊಟ್ಟಿಯ ನೀರನ್ನೂ ಕೊಟ್ಟಳು. ಅದೂ ಹೇಗೆ? ಬೆಲ್ಲ ಹಾಕಿ, ಪಾಯಸ ಮಾಡಿ!" ಸಭೆಯಲ್ಲಿ ನಗು ಎದ್ದಿತು. ಸರ್ ಅದು ತಣ್ಣಗಾಗುವವರೆಗೆ ಕಾದರು. "ಮಜಾ ಕೇಳಿ ಇನ್ನು. ಅಮೋನಿಯಾ ಕ್ಷಾರ, ಅದಕ್ಕೆ ಮದ್ದು ಹುಳಿ. ಒಂದೆರಡು ಬಾಟಲಿ ವಿನೆಗರ್ ತಣ್ಣೀರಲ್ಲಿ ಬೆರೆಸಿ ಕುಡಿಸಿದರೆ ದನ ಬದುಕಲಿಕ್ಕೂ ಸಾಕು. ಯಾವ ಕೆಮಿಸ್ಟನ್ನು ಕೇಳಿದರೂ ನಿಂತಲ್ಲೇ ಹೇಳ್ತಾನೆ. ಬಾಯಮ್ಮನ ಅಡಿಗೆಮನೆಯಲ್ಲಿ ಹಂದಿ ಮಾಂಸಕ್ಕೆ ಅಂತ ಸಾಲಾಗಿ ವಿನೆಗರ್ ಬಾಟಲಿ ಉಂಟು, ನಾನೇ ನೋಡಿದ್ದೇನೆ! ಹಂದಿಗೆ ಉಂಟು, ದನಕ್ಕೆ ಇಲ್ಲ!"

ಈ ಸಲ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬೆಂಚು ತಟ್ಟಿದರು. ನನಗೆ ನೆನಪಾದದ್ದು ಬೇರೆ. ಆ ಬೆಳಿಗ್ಗೆ ಸರ್ ಒರಗಿ ನಿಂತಿದ್ದ ಬಾಗಿಲು, ಅದರ ಒಳಗಿನ ಕಪಾಟು, ಕಪಾಟಿನ ಬಾಟಲಿಗಳು, ಅವರ ಕೈಯ ಗಡಿಯಾರ. ಮದ್ದು ಅವರಿಗೆ ಆಗಲೇ ಹೊಳೆದಿತ್ತೋ, ಭಾಷಣಕ್ಕೆ ಕೂತಾಗ ಹೊಳೆಯಿತೋ ನನಗೆ ಗೊತ್ತಿಲ್ಲ. ಉಂಗುರ ತೊಳೆಸಿದ ಮನುಷ್ಯನನ್ನು ಕಂಡವಳು ನಾನು, ನನ್ನ ಅನುಮಾನ ನನಗಿದೆ.

ಪ್ರೊಜೆಕ್ಟರಿನ ಬೆಳಕಿನ ಅಂಚಿನಲ್ಲಿ ನಾನು ಮೂರನೆಯ ಸಾಲನ್ನು ಹುಡುಕಿದೆ. ಮಾಯ್ ನಗುತ್ತಿದ್ದಳು. ಪಕ್ಕದ ಹೆಂಗಸಿನ ಭುಜ ಹಿಡಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಉಳಿದವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಕ್ಕಳು.

"ನೆಕ್ಸ್ಟ್," ಎಂದರು ಸರ್. ನಾನು ತಳ್ಳಿದೆ.

ಊಟ ಮಾಡಿ ಹೊರಗೆ ಬಂದಾಗ ಮಳೆ ನಿಂತಿತ್ತು. ಸಿಟಿ ಬಸ್ಸಿನಲ್ಲಿ ಕಿಟಕಿಯ ಬಳಿ ಮಾಯ್, ಪಕ್ಕದಲ್ಲಿ ನಾನು. "ಸೋಮವಾರ ಸಹಿ ಹಾಕ್ತಾರಂತಲ್ಲ?" ಎಂದು ಕೇಳಿದಳು. ಹೌದೆಂದೆ. "ನಾಳೆಯೇ ಬಿಳಿ ಕೋಟಿಗೆ ಬಟ್ಟೆ ತರುವ," ಎಂದಳು. ನನಗೆ ತಡೆಯಲಾಗಲಿಲ್ಲ.

"ನೀನು ಯಾಕೆ ನಕ್ಕೆ, ಮಾಯ್?"

ಅವಳು ಕಿಟಕಿಯ ಕಡೆಗೇ ನೋಡುತ್ತಾ ಹೇಳಿದಳು:

"ನಗದಿದ್ದರೆ ಅದು ನಾನೇ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು, ಬಾಯೆ."